ಒಂದು ಬೆಡ್‌ರೂಮು, ಎರಡು ಹೆಸರು

ಮುಂಬೈಯಲ್ಲಿ ಬಾಡಿಗೆ ಮನೆ ಹುಡುಕೋಕೆ ಹೊರಟರೆ ಬ್ರೋಕರ್ ಮೊದಲು ಕೇಳೋದು ಬಜೆಟ್ ಎಷ್ಟು ಅಂತ ಅಲ್ಲ. "ಫ್ಯಾಮಿಲಿನಾ, ಬ್ಯಾಚುಲರಾ?" ಅಂತ. ಈ ಪ್ರಶ್ನೆಗೆ ಮೂರನೇ ಉತ್ತರ ಇಲ್ಲ. ನಾನು ಮತ್ತು ನನ್ನ ಸಂಗಾತಿ ಆರು ವರ್ಷದಿಂದ ಜೊತೆಗಿದ್ದೇವೆ. ಇಬ್ಬರೂ ಗಂಡಸರು. ಬ್ರೋಕರ್ ಲೆಕ್ಕದಲ್ಲಿ ನಾವು ಇಬ್ಬರು ಬ್ಯಾಚುಲರ್‌ಗಳು. ನಮ್ಮ ಲೆಕ್ಕದಲ್ಲಿ ಒಂದು ಫ್ಯಾಮಿಲಿ.

ಈ ಎರಡು ಲೆಕ್ಕ ತಾಳೆಯಾಗುವ ಒಂದು ಮನೆ, ಒಂದು ಓಣಿ ಹುಡುಕೋಕೆ ನಮಗೆ ನಾಲ್ಕು ತಿಂಗಳು ಹಿಡಿಯಿತು. ನಮ್ಮ ಹಾಗೆ ಹುಡುಕುತ್ತಿರುವವರು ಇದನ್ನು ಓದುವವರಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಉಪಯೋಗಕ್ಕೆ ಬಂದೀತು ಅಂತ ಬರೀತಿದ್ದೀನಿ. ಮನೆ ಬಾಡಿಗೆಗೆ ಕೊಡೋರು ಓದಿದರೆ ಇನ್ನೂ ಸಂತೋಷ.

ಬನಹಟ್ಟಿಯಿಂದ ಒಂದು ರಾತ್ರಿ ದೂರ

ನನ್ನೂರು ಬನಹಟ್ಟಿ. ಪಕ್ಕದ ರಬಕವಿ ಜೊತೆ ಸೇರಿಸಿ ರಬಕವಿ-ಬನಹಟ್ಟಿ ಅಂತಲೇ ಎಲ್ಲರೂ ಕರೆಯೋದು. ಮಗ್ಗದ ಸದ್ದಿನಲ್ಲೇ ಬೆಳಗಾಗುವ ಊರು. ನಮ್ಮ ಮನೆಯ ಮುಂದಿನ ಭಾಗದಲ್ಲಿ ನಾಲ್ಕು ಪವರ್‌ಲೂಮ್, ಹಿಂದಿನ ಭಾಗದಲ್ಲಿ ನಾವು ಎಂಟು ಜನ. ಅಪ್ಪ ನೇಯೋದು, ಅವ್ವ ಕಂಡಿಕೆ ಸುತ್ತೋದು, ಕರೆಂಟು ಹೋದಾಗಷ್ಟೇ ಮನೆಯಲ್ಲಿ ಮಾತುಕತೆ.

ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಮುಗಿಸಿದಾಗ ಕ್ಲಾಸಿನ ಮುಕ್ಕಾಲು ಪಾಲು ಹುಡುಗರು ಬೆಂಗಳೂರಿನ ಬಸ್ ಹತ್ತಿದರು. ನಾನು ಮೊದಲು ಪುಣೆಗೆ, ಆಮೇಲೆ ಮುಂಬೈಗೆ ಬಂದೆ. ಊರಲ್ಲಿ ಯಾರೂ ಆಶ್ಚರ್ಯಪಡಲಿಲ್ಲ. ನಮ್ಮ ಕಡೆಯವರಿಗೆ ಸಾಂಗ್ಲಿ, ಇಚಲಕರಂಜಿ, ಸೊಲ್ಲಾಪುರ ಎಲ್ಲ ವ್ಯಾಪಾರದ ಊರುಗಳೇ. ಮಿರಜಿಗೆ ಹೋಗಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಮುಂಬೈ. ನನ್ನ ನಿಜವಾದ ಕಾರಣ ಬೇರೆ ಇತ್ತು. ಬೆಂಗಳೂರಿನಲ್ಲಿ ನಮ್ಮ ಕಾಕಾ, ಮಾಮಾ, ಅವರ ಮಕ್ಕಳು ಅಂತ ಹತ್ತಾರು ಮನೆಗಳಿವೆ. ಭಾನುವಾರ ಯಾರು ಯಾವಾಗ ಬಾಗಿಲು ಬಡಿಯುತ್ತಾರೆ ಅಂತ ಹೇಳೋಕಾಗಲ್ಲ.

ಊರಲ್ಲಿ ಇದ್ದಾಗ ನನ್ನಂಥವರಿಗೆ ಒಂದು ಹೆಸರಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಸವದತ್ತಿ ಯಲ್ಲಮ್ಮನ ಜೋಗಪ್ಪಗಳು ಮಾತ್ರ. ಚೌಡಿಕೆ ಹಿಡಿದು ಬಾಗಿಲಿಗೆ ಬಂದರೆ ಅವ್ವ ಮೊರದಲ್ಲಿ ಜೋಳ ತಂದು ಹಾಕಿ ಕಾಲಿಗೆ ಬೀಳುತ್ತಿದ್ದಳು. ಅವರ ಬಗ್ಗೆ ಊರಿಗೆ ಭಯವೂ ಇತ್ತು, ಭಕ್ತಿಯೂ ಇತ್ತು. ಆದರೆ ಪ್ಯಾಂಟು ಶರ್ಟು ಹಾಕಿಕೊಂಡು, ಗಣಿತದಲ್ಲಿ ಒಳ್ಳೆ ಮಾರ್ಕ್ಸ್ ತಗೊಂಡು, ಇನ್ನೊಬ್ಬ ಹುಡುಗನನ್ನು ಇಷ್ಟಪಡುವವನಿಗೆ ಊರಲ್ಲಿ ಯಾವ ಪದವೂ ಇರಲಿಲ್ಲ. ಪುಣೆಯ ಪಿಜಿಯಲ್ಲಿ ವಸುಧೇಂದ್ರ ಅವರ 'ಮೋಹನಸ್ವಾಮಿ' ಸಿಕ್ಕಿತು. 2013ರಲ್ಲಿ ಬಂದ ಪುಸ್ತಕ. ಬರೆದವರು ಸಂಡೂರಿನವರು, ನನ್ನ ಹಾಗೆ ಸಾಫ್ಟ್‌ವೇರಿನಲ್ಲಿ ಕೆಲಸ ಮಾಡಿದವರು. ಕನ್ನಡದಲ್ಲೂ ಇದನ್ನು ಹೇಳಬಹುದು ಅಂತ ಅವತ್ತು ಗೊತ್ತಾಯಿತು.

ಅಂಥ ಏರಿಯಾ ಅಂತ ಇದೆಯಾ?

ನನ್ನ ಟೀಮಿನ ಒಬ್ಬರು ಅಮೆರಿಕದಲ್ಲಿ ಎರಡು ವರ್ಷ ಆನ್‌ಸೈಟ್ ಇದ್ದು ಬಂದವರು. ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಸ್ಟ್ರೋ ಬೀದಿಯ ಬಗ್ಗೆ ಹೇಳುತ್ತಿದ್ದರು. ಹಾರ್ವೆ ಮಿಲ್ಕ್ 1970ರ ದಶಕದಲ್ಲಿ ಕ್ಯಾಮೆರಾ ಅಂಗಡಿ ಇಟ್ಟದ್ದು, 1977ರಲ್ಲಿ ಚುನಾವಣೆ ಗೆದ್ದದ್ದು, ಮರುವರ್ಷವೇ ಗುಂಡಿಗೆ ಬಲಿಯಾದದ್ದು ಆ ಊರಲ್ಲೇ. ಅಲ್ಲಿ ಕಂಬಕಂಬಕ್ಕೂ ಕಾಮನಬಿಲ್ಲಿನ ಬಾವುಟ.

ಮುಂಬೈಯಲ್ಲಿ ಅಂಥ ಬೀದಿ ಇಲ್ಲ. ಆದರೆ ನಮ್ಮವರ ಇತಿಹಾಸ ಇಲ್ಲೂ ಇದೆ. 'ಬಾಂಬೆ ದೋಸ್ತ್' ಪತ್ರಿಕೆ 1990ರಲ್ಲಿ ಶುರುವಾದದ್ದು ಇಲ್ಲೇ. ಅದನ್ನು ತಂದ ಅಶೋಕ್ ರಾವ್ ಕವಿ ಅವರೇ ಮುಂದೆ 1994ರಲ್ಲಿ ಹಮ್‌ಸಫರ್ ಟ್ರಸ್ಟ್ ಕಟ್ಟಿದರು. 2008ರಲ್ಲಿ ಆಗಸ್ಟ್ ಕ್ರಾಂತಿ ಮೈದಾನದ ಕಡೆಯಿಂದ ಪ್ರೈಡ್ ಮೆರವಣಿಗೆ ಹೊರಟಿತು. 2010ರಿಂದ ಕಶಿಶ್ ಸಿನಿಮೋತ್ಸವ ನಡೆಯುತ್ತಿದೆ. ಇವೆಲ್ಲ ವರ್ಷಕ್ಕೊಮ್ಮೆ ಹೋಗಿ ಬರೋ ಜಾಗಗಳು. ದಿನಾ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರೋ ಓಣಿ ಯಾವುದು ಅನ್ನೋದು ಬೇರೆ ಪ್ರಶ್ನೆ.

ನಾಲ್ಕಾರು ಗೆಳೆಯರನ್ನು ಕೇಳಿದೆವು. ಎಲ್ಲರೂ ಹೇಳಿದ್ದು ಒಂದೇ: "ಏರಿಯಾ ನೋಡಬೇಡಿ, ಬಿಲ್ಡಿಂಗ್ ನೋಡಿ." ನಮ್ಮಲ್ಲಿ ಗೇ-ಫ್ರೆಂಡ್ಲಿ ಅಂದರೆ ಬಾವುಟ ಹಾರಿಸುವ ಕಟ್ಟಡ ಅಲ್ಲ. ಯಾರೂ ಏನೂ ಕೇಳದ ಕಟ್ಟಡ, ಅಷ್ಟೇ.

ಮೂರು ಕಡೆ ನೋಡಿದೆವು

ನನ್ನ ಆಫೀಸು ನವಿ ಮುಂಬೈಯ ಐರೋಳಿಯಲ್ಲಿ. ಅವನು ಫಿಸಿಯೋಥೆರಪಿಸ್ಟ್, ಅಂಧೇರಿ ವೆಸ್ಟಿನ ಒಂದು ಆಸ್ಪತ್ರೆಯಲ್ಲಿ ಕೆಲಸ. ಅವನೂರು ಸಾಂಗ್ಲಿ. ಅಜ್ಜಿ ಜತ್ತ ತಾಲೂಕಿನವಳು, ಹಾಗಾಗಿ ಹರಕುಮುರುಕು ಕನ್ನಡ ಬರುತ್ತದೆ. ಎರಡು ವರ್ಷ ನಾನು ಐರೋಳಿಯ ಪಿಜಿಯಲ್ಲಿ, ಅವನು ಅಂಧೇರಿಯಲ್ಲಿ ಇನ್ನು ಮೂವರ ಜೊತೆ ಒಂದು ಫ್ಲ್ಯಾಟಿನಲ್ಲಿ. ನಮ್ಮ ಸಂಸಾರ ಭಾನುವಾರಗಳಲ್ಲಿ ಮಾತ್ರ, ಅದೂ ಕೆಫೆಗಳಲ್ಲಿ.

ಮೊದಲು ನೋಡಿದ್ದು ಐರೋಳಿ, ಘಣಸೋಲಿ ಕಡೆ. ಅಗಲ ರಸ್ತೆ, ಗಾಳಿ ಬೆಳಕು, ಆಫೀಸಿಗೆ ಶೇರ್ ಆಟೋದಲ್ಲಿ ಹತ್ತು ನಿಮಿಷ. ನಮಗೆ ಹೇಳಿದ ಬಾಡಿಗೆ ಒನ್ ಬಿಎಚ್‌ಕೆಗೆ 26,000, ಟೂ ಬಿಎಚ್‌ಕೆಗೆ 38,000. ಒಂದು ಸೊಸೈಟಿಯಲ್ಲಿ ಒನ್ ಬಿಎಚ್‌ಕೆ ತುಂಬ ಹಿಡಿಸಿತು. ಸೆಕ್ರೆಟರಿ ಅಂಕಲ್ ಚಹಾ ಕೊಟ್ಟು ಕೂರಿಸಿ ವಿಚಾರಿಸಿದರು. "ಇಬ್ಬರು ಕೆಲಸಕ್ಕೆ ಹೋಗೋ ಹುಡುಗರು, ಒಂದೇ ಬೆಡ್‌ರೂಮ್ ಯಾಕೆ? ಟೂ ಬಿಎಚ್‌ಕೆ ತಗೊಳ್ಳಿ. ಮದುವೆ ಯಾವಾಗ? ತಂದೆ ತಾಯಿಯಿಂದ ಒಂದು ಲೆಟರ್ ತನ್ನಿ." ಮಾತಿನಲ್ಲಿ ಒರಟುತನ ಏನೂ ಇರಲಿಲ್ಲ. ಆದರೂ ಹೊರಗೆ ಬಂದ ಮೇಲೆ ನಾವಿಬ್ಬರೂ ಸ್ಟೇಷನ್‌ವರೆಗೆ ಮಾತಾಡಲಿಲ್ಲ.

ಲೋಕಲ್‌ನಲ್ಲಿ ಕೂತು ಲೆಕ್ಕ ಹಾಕಿದೆ. ಬೇಡದ ಇನ್ನೊಂದು ರೂಮಿಗೆ ತಿಂಗಳಿಗೆ 12,000. ಹನ್ನೊಂದು ತಿಂಗಳಿಗೆ 1,32,000. ಆ ರೂಮಿನಲ್ಲಿ ಯಾರೂ ಮಲಗಲ್ಲ. ಬಂದವರಿಗೆ ತೋರಿಸೋಕೆ ಒಂದು ಮಂಚ, ಒಂದು ಹೊದಿಕೆ ಇಡಬೇಕು. ಅದು ಸುಳ್ಳಿಗೆ ಕಟ್ಟುವ ಬಾಡಿಗೆ.

ಎರಡನೆಯದು ಮಾಟುಂಗಾ. ಇದು ನನ್ನ ಆಸೆ. ಮೈಸೂರು ಅಸೋಸಿಯೇಷನ್ ಅಲ್ಲಿದೆ, ಕರ್ನಾಟಕ ಸಂಘ ಅಲ್ಲೇ ಹತ್ತಿರ, ಕನ್ನಡ ನಾಟಕ ನೋಡಬಹುದು, ಬೆಳಿಗ್ಗೆ ಇಡ್ಲಿ ತಿನ್ನಬಹುದು. ಮುಂಬೈಗೆ ಬಂದ ಹೊಸದರಲ್ಲಿ ಅಲ್ಲಿ ಕನ್ನಡ ಕಿವಿಗೆ ಬಿದ್ದರೆ ಸಾಕು, ಹೊಟ್ಟೆ ತುಂಬಿದ ಹಾಗೆ ಆಗುತ್ತಿತ್ತು. ಆದರೆ ಮನೆ ನೋಡೋಕೆ ಹೋದಾಗ ಅದೇ ಕನ್ನಡ ಅಡ್ಡ ಬಂತು. ಮನೆ ತೋರಿಸಿದ ಅಜ್ಜಿ ಐದು ನಿಮಿಷದಲ್ಲಿ ನನ್ನೂರು, ಮನೆತನ, ಅಪ್ಪನ ಹೆಸರು ಎಲ್ಲ ತಿಳಿದುಕೊಂಡು, "ಜಮಖಂಡಿಯಲ್ಲಿ ನಮ್ಮ ಬೀಗರಿದ್ದಾರೆ" ಅಂದರು. ಪ್ರೀತಿಯಿಂದಲೇ ಅಂದದ್ದು. ನನ್ನ ಅಕ್ಕನನ್ನು ಕೊಟ್ಟಿರೋದೂ ಜಮಖಂಡಿಗೇ. ಬಾಡಿಗೆಯೂ ಕೈಗೆಟುಕದ್ದು, ಸರಿ ಅಂತ ಕೈಮುಗಿದು ಬಂದೆವು.

ಮೂರನೆಯದು ಅಂಧೇರಿ ವೆಸ್ಟ್, ವರ್ಸೋವಾ ಕಡೆ. ಒಂದು ಬದಿ ಕೋಳಿ ಮೀನುಗಾರರ ಹಳೇ ಊರು, ಇನ್ನೊಂದು ಬದಿ ಸಿನಿಮಾ-ಸೀರಿಯಲ್ ಮಂದಿ. ಆಡಿಷನ್‌ಗೆ ಅಲೆಯೋ ಹುಡುಗ ಹುಡುಗಿಯರು, ಎಡಿಟರ್‌ಗಳು, ಕತೆ ಬರೆಯೋರು, ವಿಮಾನದ ಸಿಬ್ಬಂದಿ. ಯಾರು ಯಾವ ಹೊತ್ತಿಗೆ ಬರುತ್ತಾರೆ, ಯಾರ ಜೊತೆ ಇರುತ್ತಾರೆ ಅನ್ನೋದಕ್ಕೆ ಅಲ್ಲಿ ಯಾವ ಲೆಕ್ಕವೂ ಇಲ್ಲ. ಒನ್ ಬಿಎಚ್‌ಕೆಗೆ 46,000 ಹೇಳಿದರು. ಅವನ ಆಸ್ಪತ್ರೆ ಹತ್ತಿರ. ನನಗೆ ಮಾತ್ರ ವರ್ಸೋವಾದಿಂದ ಘಾಟ್‌ಕೋಪರ್‌ಗೆ ಮೆಟ್ರೋ, ಅಲ್ಲಿಂದ ಠಾಣೆಗೆ ಲೋಕಲ್, ಅಲ್ಲಿಂದ ಐರೋಳಿಗೆ ಇನ್ನೊಂದು ಲೋಕಲ್. ಹೋಗಿ ಬರೋಕೆ ಮೂರು ತಾಸಿಗೆ ಕಮ್ಮಿ ಇಲ್ಲ. ವಾರಕ್ಕೆ ಮೂರು ದಿನ.

ಒಂದು ರಾತ್ರಿ ಕೂತು ತೀರ್ಮಾನ ಮಾಡಿದೆವು. ಆಫೀಸಿನ ಹತ್ತಿರ 38,000 ಕೊಟ್ಟು ದಿನಾ ಸುಳ್ಳು ಹೇಳೋದೋ, ದೂರದಲ್ಲಿ 46,000 ಕೊಟ್ಟು ಸುಮ್ಮನೆ ಬದುಕೋದೋ? 8,000 ರೂಪಾಯಿ ಮತ್ತು ವಾರಕ್ಕೆ ಒಂಬತ್ತು ತಾಸು ಹೆಚ್ಚಿಗೆ ಕೊಡೋದು ಅಂತಾಯಿತು.

ನಾವು ಕೇಳಿದ ಪ್ರಶ್ನೆಗಳು

ಹುಡುಕ್ತಾ ಹುಡುಕ್ತಾ ನಮ್ಮದೇ ಒಂದು ಚೆಕ್‌ಲಿಸ್ಟ್ ಆಯಿತು.

ಓನರ್ ಅದೇ ಬಿಲ್ಡಿಂಗಿನಲ್ಲಿ ಇರ್ತಾರಾ? ಇದ್ದರೆ ಅವರ ಜೊತೆ ಒಂದು ಚಹಾ ಕುಡಿದು ನೋಡಿ. ಮೊದಲ ಹತ್ತು ನಿಮಿಷದಲ್ಲಿ ಮದುವೆಯ ಮಾತು ಬಂದರೆ ಮುಂದೆ ಪ್ರತಿ ತಿಂಗಳೂ ಬರುತ್ತೆ.

ಸೊಸೈಟಿಗೆ ಬ್ಯಾಚುಲರ್‌ಗಳ ಬಗ್ಗೆ ನಿಯಮ ಇದೆಯಾ? ಬ್ರೋಕರ್ ಬಾಯಿಮಾತು ನಂಬಬೇಡಿ. ಟೋಕನ್ ಕೊಡೋ ಮೊದಲು ಸೊಸೈಟಿ ಆಫೀಸಿನಲ್ಲಿ ಕೇಳಿ, ವಾಟ್ಸ್ಯಾಪಿನಲ್ಲಾದರೂ ಬರೆಸಿಕೊಳ್ಳಿ.

ಗೇಟಿನಲ್ಲಿ ಆ್ಯಪ್ ಇದೆಯಾ? ಈಗ ಬಹಳ ಕಡೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಎಲ್ಲ ದಾಖಲಾಗುತ್ತೆ. ನಾನು ಡೇಟಾಬೇಸ್ ಕೆಲಸ ಮಾಡೋನು. ನಾವು ನೋಡಿದ ಒಂದು ಫಾರ್ಮಿನಲ್ಲಿ ಜೊತೆಗಿರುವವರ ಸಂಬಂಧ ತುಂಬೋಕೆ ಗಂಡ, ಹೆಂಡತಿ, ಮಕ್ಕಳು, ತಂದೆ, ತಾಯಿ, ರೂಮ್‌ಮೇಟ್ ಅಂತ ಆಯ್ಕೆಗಳಿದ್ದವು. 'ಇತರೆ' ಅಂತ ಒಂದು ಸಾಲು ಸೇರಿಸೋದು ಯಾವ ಡೆವಲಪರ್‌ಗೂ ಎರಡು ನಿಮಿಷದ ಕೆಲಸ. ನಿಮ್ಮಲ್ಲಿ ಯಾರಾದರೂ ಅಂಥ ಫಾರ್ಮ್ ಬರೆಯೋರಿದ್ದರೆ ದಯವಿಟ್ಟು ಸೇರಿಸಿ.

ಮನೆಗೆಲಸಕ್ಕೆ ಬರೋರು ಯಾರು? ಓನರ್‌ಗೆ ಗೊತ್ತಾಗದ್ದು ಅವರಿಗೆ ಗೊತ್ತಾಗುತ್ತೆ. ನಮ್ಮ ಮನೆಗೆ ಬರುವ ತಾಯಿ ಮೂರನೇ ವಾರ ಹೇಳಿದ್ದು ಇಷ್ಟೇ: "ನಿಮ್ಮ ಮನೆ ಸಲೀಸು, ವಾರಕ್ಕೆ ಒಂದೇ ಚಾದರ ಒಗೆಯೋದು." ನಾನು ಬೆವೆತೆ. ಅವರು ನಗಲೂ ಇಲ್ಲ, ಬಟ್ಟೆ ಒಣಹಾಕೋಕೆ ಬಾಲ್ಕನಿಗೆ ಹೋದರು.

ಕಾನೂನು ಎಲ್ಲಿವರೆಗೆ ಬರುತ್ತೆ?

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ 377ನೇ ಕಲಂನಿಂದ ನಮ್ಮನ್ನು ಬಿಡಿಸಿತು. ವಯಸ್ಕರಿಬ್ಬರು ಒಪ್ಪಿ ಜೊತೆಗಿರೋದು ಅಪರಾಧ ಅಲ್ಲ ಅಂತಾಯಿತು. ಅದಕ್ಕೆ ಒಂದು ವರ್ಷ ಮೊದಲು, 2017ರಲ್ಲಿ, ಖಾಸಗಿತನ ಮೂಲಭೂತ ಹಕ್ಕು ಅಂತ ಬಂದ ತೀರ್ಪು ಇದಕ್ಕೆ ದಾರಿ ಮಾಡಿತ್ತು. ಆ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಆದರೆ ಅಪರಾಧ ಅಲ್ಲ ಅನ್ನೋದಕ್ಕೂ ಮನೆ ಸಿಗೋದಕ್ಕೂ ಬಹಳ ದೂರ. ಸಂವಿಧಾನದ 15ನೇ ವಿಧಿ ಮುಖ್ಯವಾಗಿ ಸರ್ಕಾರವನ್ನು, ಅಂಗಡಿ-ಹೋಟೆಲಿನಂಥ ಸಾರ್ವಜನಿಕ ಜಾಗಗಳನ್ನು ಕಟ್ಟಿಹಾಕುತ್ತೆ. ತನ್ನ ಫ್ಲ್ಯಾಟ್ ಯಾರಿಗೆ ಕೊಡಬೇಕು ಅನ್ನೋದು ಓನರ್ ಇಷ್ಟ. ಸೊಸೈಟಿಗಳ ವಿಷಯದಲ್ಲಂತೂ 2005ರಲ್ಲೇ ಸುಪ್ರೀಂ ಕೋರ್ಟ್ ಪಾರ್ಸಿಗಳ ಒಂದು ಹೌಸಿಂಗ್ ಸೊಸೈಟಿಯ ಪ್ರಕರಣದಲ್ಲಿ, ಸದಸ್ಯತ್ವ ತಮ್ಮವರಿಗಷ್ಟೇ ಅಂತ ಬೈಲಾ ಇಟ್ಟುಕೊಳ್ಳಬಹುದು ಅಂದಿದೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯಲ್ಲಿ ಬಾಡಿಗೆ ಮನೆ ನಿರಾಕರಿಸಬಾರದು ಅಂತ ಇದೆ. ಗೇ, ಲೆಸ್ಬಿಯನ್ ಜೋಡಿಗಳಿಗೆ ಅಂಥ ಸಾಲು ಎಲ್ಲೂ ಇಲ್ಲ.

ಸಾಲು ಇದ್ದ ಮಾತ್ರಕ್ಕೆ ಬಾಗಿಲು ತೆರೆಯುತ್ತೆ ಅಂತಲೂ ಅಲ್ಲ. ಇನ್ನೊಂದು ಕಡಲೂರು ಕೊಚ್ಚಿ. 2017ರಲ್ಲಿ ಅಲ್ಲಿನ ಮೆಟ್ರೋ ಟ್ರಾನ್ಸ್‌ಜೆಂಡರ್ ಸಿಬ್ಬಂದಿಯನ್ನು ತೆಗೆದುಕೊಂಡಾಗ ದೇಶವೆಲ್ಲ ಹೊಗಳಿತು. ಕೆಲವೇ ವಾರಗಳಲ್ಲಿ ಅವರಲ್ಲಿ ಕೆಲವರು ಕೆಲಸ ಬಿಟ್ಟರು. ನೌಕರಿ ಸಿಕ್ಕಿತ್ತು, ಇರೋಕೆ ಮನೆ ಸಿಗಲಿಲ್ಲ. ದಿನಾ ಲಾಡ್ಜಿಗೆ ದುಡ್ಡು ಕೊಟ್ಟು ಆ ಸಂಬಳದಲ್ಲಿ ಎಷ್ಟು ದಿನ ಬದುಕೋದು?

ಇದನ್ನು ಓದಿದಾಗಲೆಲ್ಲ ನನ್ನ ಪುಣ್ಯ ಎಷ್ಟು ಅಂತ ನೆನಪಾಗುತ್ತೆ. ನಾವಿಬ್ಬರೂ ಗಂಡಸರು, ನೋಡೋರ ಕಣ್ಣಿಗೆ ಬರೀ ರೂಮ್‌ಮೇಟ್‌ಗಳು. ಐಟಿ ಸಂಬಳ ಇದೆ. ನನ್ನ ಅಡ್ಡಹೆಸರು ಕೇಳಿ, ನಾನು ಸಸ್ಯಾಹಾರಿ ಅಂತ ತಿಳಿದು ಎಷ್ಟೋ ಬ್ರೋಕರ್‌ಗಳ ಮುಖ ಅರಳಿತ್ತು. ಇದೇ ಊರಲ್ಲಿ ಹೆಸರು ಕೇಳಿದ ಕೂಡಲೇ ಫೋನ್ ಇಡಿಸಿಕೊಳ್ಳೋ ಮುಸ್ಲಿಂ ಸಹೋದ್ಯೋಗಿಗಳು ನನಗಿದ್ದಾರೆ. ಇಬ್ಬರು ಹುಡುಗಿಯರು ಜೊತೆಗಿದ್ದರೆ ವಾಚ್‌ಮನ್‌ನಿಂದ ಹಿಡಿದು ಚೇರ್ಮನ್‌ವರೆಗೆ ಎಲ್ಲರೂ ಅವರ 'ರಕ್ಷಣೆ'ಗೆ ನಿಲ್ಲುತ್ತಾರೆ.

ಹೆಬ್ಬೆಟ್ಟಿನ ಗುರುತು

ವರ್ಸೋವಾದ ಮನೆಯ ಓನರ್ ಒಬ್ಬರೇ ಇರುವ ನಿವೃತ್ತ ಟೀಚರ್. ಎರಡು ಬಿಲ್ಡಿಂಗ್ ಆಚೆ ಇರುತ್ತಾರೆ. ಮನೆ ತೋರಿಸುತ್ತಾ ಮೂರು ಮಾತು ಹೇಳಿದರು. ಬಾಡಿಗೆ ಐದನೇ ತಾರೀಖಿನೊಳಗೆ ಬರಬೇಕು. ಬಾತ್‌ರೂಮು ಸೋರಿದರೆ ಕೂಡಲೇ ತಿಳಿಸಬೇಕು. ಬಾಲ್ಕನಿಯ ಕರಿಬೇವಿನ ಗಿಡಕ್ಕೆ ನೀರು ಹಾಕಬೇಕು. ಆಮೇಲೆ ನಮ್ಮಿಬ್ಬರನ್ನೂ ಒಮ್ಮೆ ನೋಡಿ, "ಅಗ್ರಿಮೆಂಟಿಗೆ ಇಬ್ಬರ ಹೆಸರೂ ಹಾಕಿಸಿ. ನಾಳೆ ಒಬ್ಬರಿಗೆ ಹುಷಾರಿಲ್ಲ ಅಂದರೂ ಇನ್ನೊಬ್ಬರನ್ನು ಯಾರೂ ಹೊರಗೆ ಹಾಕಬಾರದು" ಅಂದರು. ಅವರಿಗೆ ಅರ್ಥವಾಗಿತ್ತಾ? ಗೊತ್ತಿಲ್ಲ. ಆ ಮಾತು ಸಾಕಾಗಿತ್ತು.

ಮಹಾರಾಷ್ಟ್ರದಲ್ಲಿ ಬಾಡಿಗೆ ಕರಾರನ್ನು ಲೀವ್ ಆ್ಯಂಡ್ ಲೈಸೆನ್ಸ್ ಅಂತಾರೆ, ರಿಜಿಸ್ಟರ್ ಮಾಡಿಸೋದು ಕಡ್ಡಾಯ. ಏಜೆಂಟ್ ಲ್ಯಾಪ್‌ಟಾಪು, ಬೆರಳಚ್ಚಿನ ಮಷಿನ್ನು ಹಿಡಿದು ಮನೆಗೇ ಬಂದ. ನಮ್ಮಿಬ್ಬರ ಫೋಟೋ ತೆಗೆದ. ಆಧಾರ್ ನಂಬರ್ ಹಾಕಿ ಇಬ್ಬರ ಹೆಬ್ಬೆಟ್ಟು ಒತ್ತಿಸಿಕೊಂಡ. ಇಬ್ಬರು ಸಾಕ್ಷಿ. ಸ್ಟ್ಯಾಂಪ್ ಡ್ಯೂಟಿ. ಎರಡು ದಿನಕ್ಕೆ ಪಿಡಿಎಫ್ ಬಂತು. ಸರ್ಕಾರದ ಮೊಹರಿನ ಕೆಳಗೆ ಅವನ ಹೆಸರು, ನನ್ನ ಹೆಸರು, ಒಂದೇ ವಿಳಾಸ.

2023ರ ಅಕ್ಟೋಬರ್ 17ರಂದು ನಮ್ಮಂಥವರ ಮದುವೆಗೆ ಮಾನ್ಯತೆ ಕೊಡೋಕಾಗಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ ದಿನ ನಾವಿಬ್ಬರೂ ಕೆಲಸದಲ್ಲಿದ್ದೆವು, ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. ಈ ಪಿಡಿಎಫ್ ಬಂದ ದಿನ ಅವನು ಅದನ್ನು ಪ್ರಿಂಟ್ ಹಾಕಿಸಿಕೊಂಡು ಬಂದ. ಮದುವೆ ನೋಂದಣಿಗೆ ಬೇಕಾದದ್ದೆಲ್ಲ ಅದರಲ್ಲಿ ಇತ್ತು, ಫೋಟೋ, ಸಹಿ, ಸಾಕ್ಷಿ. ಅವಧಿ ಮಾತ್ರ ಹನ್ನೊಂದು ತಿಂಗಳು.

ಆ ವಿಳಾಸ ಇಟ್ಟುಕೊಂಡೇ ಬ್ಯಾಂಕಿಗೆ ಹೋದೆವು. ನಮ್ಮಂಥ ಜೋಡಿಗಳು ಜಂಟಿ ಖಾತೆ ತೆರೆಯೋಕೆ, ಸಂಗಾತಿಯನ್ನು ನಾಮಿನಿ ಮಾಡೋಕೆ ಯಾವ ಅಡ್ಡಿಯೂ ಇಲ್ಲ ಅಂತ ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ನೀವು ಹೋಗುವುದಾದರೆ ಆ ಪ್ರಕಟಣೆಯ ಪ್ರತಿ ಫೋನಿನಲ್ಲಿ ಇಟ್ಟುಕೊಂಡು ಹೋಗಿ.

ಅವ್ವ ಬಂದಳು

ಒನ್ ಬಿಎಚ್‌ಕೆ ತಗೊಂಡಾಗ ನಮಗಿದ್ದ ಒಂದೇ ಭಯ ಊರಿಂದ ಯಾರಾದರೂ ಬಂದರೆ ಏನು ಮಾಡೋದು ಅಂತ. ಬಂದವಳು ಅವ್ವನೇ. ವರ್ಷಗಟ್ಟಲೆ ನೆಲದ ಮೇಲೆ ಕೂತು ಕಂಡಿಕೆ ಸುತ್ತಿ ಅವಳ ಮಂಡಿ ಹಿಡಿದಿತ್ತು. ನನ್ನ ವಿಷಯ ಗೊತ್ತಿರೋದು ಅಕ್ಕನಿಗೊಬ್ಬಳಿಗೇ. ಅವಳೇ, "ನಿನ್ನ ಗೆಳ್ಯಾ ಮಂಡಿ ಡಾಕ್ಟರ ಅಲ್ಲೇನು? ಅಲ್ಲೇ ಕಳಸ್ತೀನಿ" ಅಂತ ಹೇಳಿ ರೈಲು ಹತ್ತಿಸಿಬಿಟ್ಟಳು.

ಬೆಡ್‌ರೂಮು ಅವ್ವನಿಗೆ ಬಿಟ್ಟು ನಾವಿಬ್ಬರೂ ಹಾಲಿನಲ್ಲಿ ಹಾಸಿಗೆ ಹಾಸಿಕೊಂಡೆವು. ಅವ್ವ ಮನೆಯನ್ನೆಲ್ಲ ಒಂದು ಸುತ್ತು ನೋಡಿ ಬಾಡಿಗೆ ಕೇಳಿ ಎದೆ ಮುಟ್ಟಿಕೊಂಡಳು. "ಇಷ್ಟ ಸಣ್ಣ ಮನೀಗೆ ಇಷ್ಟ ರೊಕ್ಕ ಏನಪಾ?" ಎರಡು ರೂಮಿನ ಮನೆ ಇನ್ನೂ ಜಾಸ್ತಿ ಅಂದೆ. "ಎರಡ ಖೋಲಿ ಯಾಕ ಬೇಕು? ನಿಮ್ಮಪ್ಪ, ಕಾಕಾಗೋಳು, ಬಂದವರು ಹೋದವರು ಎಲ್ಲಾರೂ ಒಂದ ಪಡಸಾಲ್ಯಾಗ ಮಲಗತಿದ್ದಿಲ್ಲೇನು?" ಅಂದಳು. ನಾಲ್ಕು ತಿಂಗಳು ಯಾವ ಪ್ರಶ್ನೆಗೆ ಹೆದರಿ ಓಡಾಡಿದ್ದೆವೋ, ಆ ಪ್ರಶ್ನೆ ಬನಹಟ್ಟಿಯವಳಿಗೆ ಪ್ರಶ್ನೆಯೇ ಆಗಿರಲಿಲ್ಲ.

ಹನ್ನೆರಡು ದಿನ ಇದ್ದಳು. ಅವನು ದಿನಾ ಡ್ಯೂಟಿ ಮುಗಿಸಿ ಬಂದು ಅವಳ ಮಂಡಿಗೆ ವ್ಯಾಯಾಮ ಮಾಡಿಸುತ್ತಿದ್ದ. "ಕಾಲ ಮ್ಯಾಲ, ಅವ್ವಾ, ಮ್ಯಾಲ" ಅಂತ ಅಜ್ಜಿಯ ಕನ್ನಡದಲ್ಲಿ ಅವನು, "ಸಾವಕಾಶ ಹಿಡಿ ನನ್ನಪ್ಪಾ" ಅಂತ ಇವಳು. ಅವನಿಗೆ ಮೀನು ಇಷ್ಟ ಅಂತ ತಿಳಿದಾಗ ಮುಖ ಸಿಂಡರಿಸಿ, "ಹೊರಗ ತಿಂದು ಬಾ, ಬೈಯೂದಿಲ್ಲ" ಅಂದಳು. ನಾನು ಐರೋಳಿಯಿಂದ ಸುಸ್ತಾಗಿ ಬರುವ ಹೊತ್ತಿಗೆ ಇಬ್ಬರೂ ಕೂತು ಮರಾಠಿ ಸೀರಿಯಲ್ ನೋಡ್ತಿರುತ್ತಿದ್ದರು.

ಹೊರಡುವ ದಿನ ಸ್ಟೇಷನ್‌ನಲ್ಲಿ ಅವ್ವ ನನ್ನ ಕೈಯಲ್ಲಿ ನೂರು ರೂಪಾಯಿ ಇಟ್ಟಳು. ಅವನ ಕೈಯಲ್ಲೂ ನೂರು. "ಇಬ್ಬರೂ ಜಗಳಾಡಬ್ಯಾಡ್ರಿ" ಅಂದಳು. ರೂಮ್‌ಮೇಟ್‌ಗಳಿಗೂ ಹೇಳುವ ಮಾತು, ಗಂಡಹೆಂಡತಿಗೂ ಹೇಳುವ ಮಾತು. ಅವಳಿಗೆ ಎಷ್ಟು ತಿಳಿದಿದೆ ಅಂತ ನಾನು ಕೇಳಿಲ್ಲ, ಅಕ್ಕನೂ ಕೇಳಿಲ್ಲ.

ಈಗ ಹನ್ನೊಂದು ತಿಂಗಳು ಮುಗೀತಾ ಬಂತು. ಟೀಚರ್ ಫೋನ್ ಮಾಡಿದ್ದರು. ಬಾಡಿಗೆ ನೂರಕ್ಕೆ ಐದು ಏರಿಸಿ 48,300 ಮಾಡ್ತಾರಂತೆ. "ಅದೇ ಎರಡು ಹೆಸರು ತಾನೇ?" ಅಂದರು. ಹೌದು ಅಂದೆ. ಕರಿಬೇವಿನ ಗಿಡ ಹೇಗಿದೆ ಅಂತ ಕೇಳಿ ಇಟ್ಟರು. ಐರೋಳಿಯ ಮೂರು ತಾಸಿನ ಓಡಾಟ ಇನ್ನೂ ಹನ್ನೊಂದು ತಿಂಗಳು ಮುಂದುವರಿಯುತ್ತೆ. ಮೆಟ್ರೋದಲ್ಲಿ ಕೂರೋಕೆ ಜಾಗ ಸಿಕ್ಕ ದಿನ ಪುಸ್ತಕ ಓದ್ತೀನಿ, ಸಿಗದ ದಿನ ನಿಂತೇ ನಿದ್ದೆ.

ದೀಪಾವಳಿಗೆ ಊರಿಗೆ ಹೋಗಬೇಕು. ಅವ್ವ ಮೊನ್ನೆ ಫೋನಿನಲ್ಲಿ, "ಡಾಕ್ಟರನ್ನೂ ಕರಕೊಂಡ ಬಾ, ನಿಮ್ಮಪ್ಪನ ಭುಜಾನೂ ನೋವ ಅಂತೈತಿ" ಅಂದಳು. ಮಿರಜಿನವರೆಗೆ ಮಹಾಲಕ್ಷ್ಮಿಯಲ್ಲಿ ಎರಡು ಟಿಕೆಟ್ ಬುಕ್ ಮಾಡಿದ್ದೀನಿ. ಒಂದು ಲೋವರ್, ಒಂದು ಅಪ್ಪರ್. ಅಪ್ಪನಿಗೆ ಏನು ಹೇಳೋದು, ಹೇಳೋದೋ ಬೇಡವೋ, ಇನ್ನೂ ತೀರ್ಮಾನ ಆಗಿಲ್ಲ. ಮಲಗೋಕಂತೂ ಪಡಸಾಲೆ ಇದೆ.